ನಾಲ್ಕೂ ಕಡೆ ಪರದೆ ಇರಲಿ, ಸಾಹೇಬರೇ

ಪರದೆ ಬಿಚ್ಚಿಸುವ ಆರೋಗ್ಯಾಧಿಕಾರಿಗಳೇ,

ಮುಂದಿನ ತಿಂಗಳು ಅಜ್ಜಂಪುರದಲ್ಲಿ ಹೆಂಗಸರಿಗೆ ನಡೆಸುವ ಕ್ಯಾನ್ಸರ್ ತಪಾಸಣೆ ಶಿಬಿರಕ್ಕೂ ಪೆಂಡಾಲಿನ ಸುತ್ತ ಪರದೆ ಬೇಡವೆಂದು ನಿಮ್ಮ ಕಚೇರಿಯಿಂದ ಫೋನ್ ಬಂದಿದೆ. ಫೋಟೊದಲ್ಲಿ ಜನ ಕಾಣಬೇಕಂತೆ. ಫೋಟೊ ಚೆನ್ನಾಗಿ ಬಂದರೆ ಕಾಯಿಲೆ ಹೆದರಿ ಓಡುತ್ತದೆಯೇ? ಹಾಗಿದ್ದರೆ ಮದುವೆ ಫೋಟೊ ತೆಗೆಯುವವರನ್ನೇ ಡಾಕ್ಟರ್ ಮಾಡಿಬಿಡಿ.

ನಾನು ಕಡೂರಿನ ಪೆಂಡಾಲಿನವನು, ಓದಿದ್ದು ನಾಲ್ಕನೇ ಕ್ಲಾಸು. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ನಡೆದ ಇಂಥದೇ ಶಿಬಿರಕ್ಕೂ ನಾನೇ ಪೆಂಡಾಲ್ ಹಾಕಿದ್ದೆ. ಪರದೆ ಕಟ್ಟಿ ಮುಗಿಸುವಷ್ಟರಲ್ಲಿ ನಿಮ್ಮವರೊಬ್ಬರು ಬಂದು, "ಏನಪ್ಪಾ, ಇದೇನ್ ಮದುವೆ ಅಡಿಗೆಮನೇನಾ? ಬಿಚ್ಚಾಕು" ಅಂದರು. ನನ್ನ ಆಳುಗಳೇ ಬಿಚ್ಚಿದರು. 'ಗರ್ಭಕಂಠದ ಪರೀಕ್ಷೆ' ಎಂಬ ಬ್ಯಾನರಿನ ಕೆಳಗೆ ಹೆಂಗಸರ ಕುರ್ಚಿಗಳು, ಎದುರಿಗೇ ಬಸ್ಸಿಗೆ ಕಾಯುವ ಗಂಡಸರು. ನನ್ನ ಹೆಂಡತಿ ಹಜೀರಾಬಿ ಬುರ್ಖಾ ತೊಟ್ಟು ಬಂದಳು, ನಿಂತು ನೋಡಿದಳು.

"ಮುಖ ಮುಚ್ಕೊಂಡ್ರೇನ್ ಬಂತ್ರೀ? ಪೆಂಡಾಲ್ ಸಾಬ್ರ ಹೆಂಡ್ತಿ ಅಂತ ಇಡೀ ಸ್ಟ್ಯಾಂಡಿಗೇ ಗೊತ್ತು. ನಾನ್ ಮನೆಗ್ ಹೋಯ್ತೀನಿ."

ಬೈದದ್ದು ನಮ್ಮ ಮನೆಮಾತು ಉರ್ದುವಿನಲ್ಲಿ, ಕನ್ನಡಕ್ಕೆ ತರುವಾಗ ಅರ್ಧ ಖಾರ ಚೆಲ್ಲಿಹೋಗಿದೆ.

ಆಮೇಲೆ ಅವಳಿಗೆ ರಕ್ತಸ್ರಾವ ಕಂಡಿತು, ಪರೀಕ್ಷೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ಎಂದು ಬಂತು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಸಂಘಮಿತ್ರಾ, ನಮ್ಮ ತರೀಕೆರೆ ಕಡೆಯ ಹೆಣ್ಣುಮಗಳು, ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ನೋಡಿ ಸಾಬ್ರೇ, ನಮ್ ಮೈಯ ಒಂದೊಂದು ಜೀವಕೋಶದೊಳಗೂ ನಿಮ್ ಪೆಂಡಾಲ್ ತರಾನೇ ಕಂಬ, ಹಗ್ಗ ಇರ್ತವೆ. ಅದು ಜಾಗದಲ್ಲಿ ನಿಲ್ಲೋದೇ ಅದರಿಂದ. ಎಚ್‌ಪಿವಿ ಅನ್ನೋ ವೈರಸ್ಸಿನ ಪ್ರೋಟೀನು ಒಳಗೆ ಸೇರ್ಕೊಂಡು, ಜೀವಕೋಶದ ಸ್ವಂತ ಕೆಲಸಗಾರರ ಕೈಲೇ ಆ ಕಂಬ ಹಗ್ಗಕ್ಕೆ ಫಾಸ್ಫೇಟ್ ಅನ್ನೋ ಚೂರನ್ನ ಎಲ್ಲೆಲ್ಲೋ ಅಂಟಿಸುತ್ತೆ. ಗಂಟು ಸಡಿಲ ಆಗುತ್ತೆ. ಕೋಶ ಆಕಾರ ಬದಲಿಸ್ಕೊಂಡು ಜಾಗ ಬಿಟ್ಟು ಹೊರಡುತ್ತೆ."

"ಅಂದ್ರೆ ಮೇಡಂ, ಹೊರಗಿನೋನು ಬಂದು ನಮ್ ಆಳುಗಳ ಕೈಲೇ ಬಿಚ್ಚಾಕ್ಸಿದಂಗೆ!" ಎಂದೆ.

ಡಾಕ್ಟರ್ ನಕ್ಕರು. ಹಜೀರಾಬಿಯೂ ನಕ್ಕಳು.

"ಹಂಗೇ. ಆದ್ರೆ ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ. ವಾಪಸ್ ಬಂದೆ ಅಂದ್ರಲ್ಲ, ಆ ಶಿಬಿರದಲ್ಲೇ ತೋರಿಸ್ಕೊಂಡಿದ್ರೆ ತಡೀಬೋದಿತ್ತೇನೋ" ಎಂದರು. ಮೂವರ ನಗುವೂ ಅಲ್ಲಿಗೇ ನಿಂತಿತು.

ಹೋದ ವರ್ಷ ಅವಳು ತೀರಿಕೊಂಡಳು. ಪೆಂಡಾಲಿನ ಬಟ್ಟೆ ಮಡಚಲು ಇಬ್ಬರು ಬೇಕು ಸ್ವಾಮಿ. ಇನ್ನೊಂದು ತುದಿ ಯಾವಾಗಲೂ ಅವಳದು. "ಎಳೀರಿ ಗಟ್ಟಿಯಾಗಿ, ಊಟ ಮಾಡಿಲ್ವಾ?" ಎಂದು ರೇಗಿಸುತ್ತಿದ್ದಳು. ಈಗ ಆ ತುದಿಯನ್ನು ಕಿಟಕಿ ಸರಳಿಗೆ ಕಟ್ಟುತ್ತೇನೆ. ಊರನ್ನೆಲ್ಲ ನಗಿಸುತ್ತೇನೆ, ಆ ಕಿಟಕಿಯನ್ನು ನಗಿಸಲು ಆಗಿಲ್ಲ.

ಅವಳ ತಂಗಿ ಶಿರೀನ್ ತಾಜ್ ಇರುವುದು ಅಜ್ಜಂಪುರದಲ್ಲೇ. "ಭಾವಾ, ಪರದೆ ಕಟ್ಟಿದ್ರೆ ಬತ್ತೀನಿ. ಇಲ್ದಿದ್ರೆ ಅಕ್ಕನ್ ತರಾನೇ ವಾಪಸ್" ಎಂದಿದ್ದಾಳೆ. ಅದಕ್ಕೇ ನಾಲ್ಕೂ ಕಡೆ ಪರದೆ ಕಟ್ಟಲು ಒಪ್ಪಿಗೆ ಕೊಡಿ. ನಿಮ್ಮ ಫೋಟೊವನ್ನು ಹೊರಗೆ, ಪರದೆಯ ಮುಂದೆ ನಿಂತು ತೆಗೆಸಿಕೊಳ್ಳಿ. ಬೇಕಾದರೆ ಸೀರಿಯಲ್ ಲೈಟು ಹಾಕಿಸುತ್ತೇನೆ. ಒಪ್ಪದಿದ್ದರೂ ನಾನು ಕಟ್ಟುವವನೇ. ಬಿಚ್ಚಲು ಈ ಸಲ ನನ್ನ ಆಳುಗಳು ಕೈ ಹಚ್ಚುವುದಿಲ್ಲ. ನೀವೇ ಬಂದು, ಒಳಗೆ ಕೂತ ಶಿರೀನಳ ಮುಖ ನೋಡಿ, ಗಂಟು ಬಿಚ್ಚಬೇಕು.

ಇಂತಿ,
ಕಿಟಕಿಯ ಜೊತೆ ಬಟ್ಟೆ ಮಡಚುವ
ಪೆಂಡಾಲ್ ಜಬೀವುಲ್ಲಾ, ಕಡೂರು