ಹದಿನೇಳನೇ ಹಲ್ಲು

ಮನೆಯಿಂದ, ಅಡುಗೆಮನೆಯ ಕಿಟಕಿಯ ಬಳಿ
ಗುರುವಾರ, ಹನ್ನೊಂದನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ದೊಡ್ಡಮ್ಮನ ಸೊಂಟದ ನೋವು ಕಡಿಮೆಯಾಯಿತೇ? ಅವರನ್ನು ಎತ್ತಿ ಕೂರಿಸುವಾಗ ನಿನ್ನ ಬೆನ್ನನ್ನೂ ನೋಡಿಕೋ. ಹಲ್ಲು ಕಿತ್ತ ಜಾಗ ಮಾಗಿರಬೇಕು. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಪ್ಪ ಎರಡು ಸಲ ಹಾಲು ಸೀಯಿಸಿ, ಪಾತ್ರೆಯದೇ ತಪ್ಪು ಎಂದು ಅದನ್ನೇ ಬೈದರು. ಫೋನಿನಲ್ಲಿ ಮಾತಾಡೋಣವೆಂದರೆ ಅವರು ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರುತ್ತಾರೆ. ಅಲ್ಲಿ ದೊಡ್ಡಮ್ಮ ಬೀದಿಗೆಲ್ಲ ಕೇಳುವ ಹಾಗೆ ಫೋನ್ ಇಡುತ್ತಾರೆ. ಅದಕ್ಕೇ ಈ ಕಾಗದ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಎಸೆದು ಬಾ ಎಂದು ನೀನು ಕೊಟ್ಟ ಮುಂದಿನ ಹಲ್ಲನ್ನು ನಾನು ಎಸೆಯಲಿಲ್ಲ. ಗುರುತು ಸಿಗದ ಸತ್ತವರ ವಯಸ್ಸನ್ನು ನಮ್ಮ ಶವಾಗಾರದ ಡಾಕ್ಟರು ಹಲ್ಲಿನಿಂದ ಅಂದಾಜು ಮಾಡುತ್ತಾರಲ್ಲ, ಅದಕ್ಕೆ ನಾನು ಹಲ್ಲನ್ನು ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಿಕೊಡುತ್ತೇನೆ. ದೀಪದ ಮುಂದೆ ಹಿಡಿದರೆ ಬೇರಿನ ತುದಿ ಗಾಜಿನಂತೆ ಹೊಳೆಯುತ್ತದೆ. ವಯಸ್ಸಾದಂತೆ ಆ ಗಾಜು ಮೇಲಕ್ಕೆ ಏರುತ್ತದೆ. ಎಷ್ಟು ಏರಿದರೆ ಎಷ್ಟು ವರ್ಷ ಎಂದು ತಿಳಿಯಲು, ವಯಸ್ಸು ಗೊತ್ತಿರುವ ಜನರ ಇಪ್ಪತ್ತು ಹಲ್ಲು ಬೇಕಿತ್ತು. ಹದಿನೇಳನೆಯದರ ಜಾಗ ಮಾತ್ರ ಖಾಲಿ ಉಳಿದಿತ್ತು. ನಾನು ನಿನ್ನದನ್ನು ಸೇರಿಸಿಬಿಟ್ಟೆ. ಪುಸ್ತಕದಲ್ಲಿ ಹೆಸರಿಲ್ಲ, ಹದಿನೇಳನೇ ನಂಬರು ಮಾತ್ರ. ವಯಸ್ಸು ನಲವತ್ತೆರಡು. ಕೀಳಿಸಿದ ದಿನ ಹಲ್ಲಿನ ಆಸ್ಪತ್ರೆಯ ಚೀಟಿಯಲ್ಲಿ ನೀನು ಬರೆಸಿದ್ದು ಅಷ್ಟೇ. ಅಪ್ಪ ಅಲ್ಲೇ ನಿಂತಿದ್ದರು.

ಅಮ್ಮಾ, ಹಲ್ಲು ಐವತ್ತೈದು ಎನ್ನುತ್ತಿದೆ. ಮೂರು ಸಲ ಅಳೆದೆವು.

ಉಳಿದ ಹತ್ತೊಂಬತ್ತೂ ಸಾಲಾಗಿ ನಿಲ್ಲುತ್ತವೆ, ಇದೊಂದು ಮಾತ್ರ ಮುನಿಸಿಕೊಂಡು ದೂರ ಕೂತಿದೆ. ಇದನ್ನು ಬಿಟ್ಟುಬಿಡೋಣವೇ ಎಂದು ತಡವರಿಸಿಕೊಂಡು ಕೇಳಿದೆ. ಡಾಕ್ಟರು ಕನ್ನಡಕ ತೆಗೆದು, "ಲೆಕ್ಕಕ್ಕೆ ಹೊಂದ್ಲಿಲ್ಲ ಅಂತ ಆಚೆ ಹಾಕಕ್ಕಾಗಲ್ಲಮ್ಮ. ಬರೆದಿರೋ ವಯಸ್ಸೇ ಸುಳ್ಳು ಅಂತ ಗೊತ್ತಾದ್ರೆ ಸರಿ. ಇಲ್ಲಾಂದ್ರೆ ಉಜ್ಜಿದ ಕೈನೇ ಅನುಮಾನಿಸಬೇಕು" ಎಂದರು. ಉಜ್ಜಿದ ಕೈ ನನ್ನದು. ಅದು ಯಾರ ಹಲ್ಲು ಎಂದು ಹೇಳದೆ, ಕಲ್ಲು ತೊಳೆಯುವ ನೆಪದಲ್ಲಿ ಎದ್ದುಹೋದೆ. ನನ್ನ ಗುಣ ನಿನಗೆ ಗೊತ್ತಲ್ಲ.

ಈಗ ಗುರುತು ಸಿಗದೆ ಸತ್ತ ಒಬ್ಬ ಗಂಡಸಿನ ಹಲ್ಲು ಬಂದಿದೆ. ಹದಿನೇಳನ್ನು ಸೇರಿಸಿದರೆ ಆತನ ವಯಸ್ಸು ಮೂವತ್ತರಿಂದ ಅರವತ್ತೈದರೊಳಗೆ ಎಂದು ಬರೆಯಬೇಕು. ಬಿಟ್ಟರೆ ನಲವತ್ತರಿಂದ ಐವತ್ತೈದು. ಕಾಣೆಯಾದವರ ಪಟ್ಟಿಯಲ್ಲಿ ನಲವತ್ತರಿಂದ ಐವತ್ತೈದರ ನಡುವೆ ಇರುವವರು ನಾಲ್ಕೇ ಮಂದಿ, ಮೂವತ್ತರಿಂದ ಅರವತ್ತೈದು ಎಂದರೆ ಮೂವತ್ತೊಂದು ಮಂದಿ. ನಾಲ್ವರಲ್ಲಿ ಒಬ್ಬನ ಹೆಂಡತಿ ದಿನವೂ ಶವಾಗಾರದ ಮುಂಬಾಗಿಲ ಬಳಿಯ ಬೆಂಚಿನಲ್ಲಿ ಕೂತಿರುತ್ತಾಳೆ. ನನ್ನನ್ನು ಕಂಡರೆ, "ಏನಾದ್ರೂ ಗೊತ್ತಾಯ್ತಾ ತಂಗಿ? ಅವರಲ್ಲ ಅಂತಾದ್ರೂ ಹೇಳಿ" ಎನ್ನುತ್ತಾಳೆ. ನಾನು ತಲೆ ತಗ್ಗಿಸಿಕೊಂಡು ಹಿಂಬಾಗಿಲಿನಿಂದ ಹೋಗುತ್ತಿದ್ದೇನೆ.

ಅಪ್ಪನಿಗೆ ನಲವತ್ತಾರು. ನೀನು ಮೂರು ವರ್ಷದಿಂದ ನಲವತ್ತೆರಡರಲ್ಲೇ ನಿಂತಿದ್ದೀಯ ಎಂದು ಅವರು ನಗುವುದುಂಟು. ನಿಜವಾದ ವಯಸ್ಸನ್ನು ಅವರಿಂದ ಮುಚ್ಚಿಟ್ಟಿದ್ದರೆ, ಏಕೆ ಎಂದು ನಾನು ಕೇಳುವುದಿಲ್ಲ. ನೀನು ಬರೆದದ್ದನ್ನು ಓದಿ ಒಲೆಗೆ ಹಾಕುತ್ತೇನೆ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು,
ನೀನು ಕರೆಯುವ ಹಾಗೆ, ಗುಮ್ಮನಗುಸುಕಿ

ತಾ.ಕ.: ಅಂಚೆಯವನು ಪಕ್ಕದ ಮನೆಗೆ ಬಂದಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಸೋಮವಾರ ಡಾಕ್ಟರು ವರದಿಗೆ ಸಹಿ ಹಾಕುತ್ತಾರೆ. ಅಷ್ಟರೊಳಗೆ ನಿನ್ನ ನಿಜವಾದ ವಯಸ್ಸಿನ ಎರಡು ಅಂಕಿ ಬರೆದು ಕಳಿಸು, ಬೇರೇನೂ ಬೇಡ. ಆದರೆ ಅಮ್ಮಾ, ನನ್ನನ್ನು ಉಳಿಸಲು ಐವತ್ತೈದು ಎಂದು ಬರೆಯಬೇಡ. ನೀನು ಹಾಗೆ ಮಾಡುವವಳೇ, ಅದಕ್ಕೇ ನನಗೆ ಭಯ. ನಲವತ್ತೆರಡೇ ನಿಜವಾದರೆ ಹಾಗೇ ಬರೆ. ಆ ಗಂಡಸಿನ ಹಲ್ಲನ್ನೂ ಉಜ್ಜಿದ್ದು ಇದೇ ಕೈ. ತಪ್ಪು ನನ್ನದಾದರೆ ನಾನೇ ಬಾಯಿಬಿಟ್ಟು ಹೇಳುತ್ತೇನೆ, ಮುಂಬಾಗಿಲಿನಿಂದಲೇ ಹೋಗಿ.