ಐರಣಿಯ ಫೋಟೊದಲ್ಲಿದ್ದ ಹೆರಾಲ್ಡ್

ಹುಲಿಗೇಶಾ,

ಇದನ್ನು ನಿನಗೆ ಕಳಿಸುವುದಿಲ್ಲ. ನಿನ್ನ ನಂಬರನ್ನೂ ಈಗಷ್ಟೇ ಅಳಿಸಿಹಾಕಿದೆ.

ಇವತ್ತು ರಾಣೆಬೆನ್ನೂರಿನಲ್ಲಿ ಅಕ್ಕನ ಮಗಳ ಮದುವೆ. ಮದುಮಗಳನ್ನು ಕರೆತಂದ ಬಾಡಿಗೆ ಕಾರು ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್. ಹೂವಿನ ಹಾರದಡಿಯಲ್ಲೂ ಎಡಗಡೆ ಬಂಪರಿನ ನೆಗ್ಗು ಕಾಣುತ್ತಿತ್ತು. ಅಗಡಿಯ ಸೇತುವೆಗೆ ಅಪ್ಪ ಗುದ್ದಿಸಿದಾಗ ಬಿದ್ದ ನೆಗ್ಗು.

ಮೂರು ವರ್ಷದ ಹಿಂದೆ ನಮ್ಮ ಹಳೆ ಕಾರುಗಳ ವಾಟ್ಸಾಪ್ ಗುಂಪಿಗೆ ಐರಣಿಯಿಂದ ಯಾರೋ ಒಂದು ಫೋಟೊ ಹಾಕಿದ್ದರು, ಹುಣಸೆ ಮರದ ಕೆಳಗೆ ಅರ್ಧ ತಾಡಪತ್ರಿ ಹೊದ್ದ ಕಾರು. ಅಪ್ಪ ಮಾರಿದ ಗಾಡಿಯನ್ನು ನಾನು ಹುಡುಕುತ್ತಿದ್ದುದು ನಿನಗೆ ಗೊತ್ತಿತ್ತು. "ಇದ ಅಲ್ಲೇನೋ?" ಎನ್ನುತ್ತ ಬ್ಯಾಡಗಿಯ ನಿನ್ನ ಅಂಗಡಿಗೆ ಓಡಿಬಂದೆ. ನೀನು ಫೋಟೊ ಹಿಗ್ಗಿಸಿ ನೋಡಿ, "ಅಲ್ಲಲೇ. ಗ್ರಿಲ್ ನೋಡು, ಇದು ನಾಕ ವರ್ಷ ಈಚಿನ ಮಾಡೆಲ್" ಅಂದೆ. ಬರೀ ಹಿಂದಿನ ದೀಪ ನೋಡಿ ಕಾರಿನ ಇಸವಿ ಹೇಳುವವನು ನೀನು. ನಿನ್ನೆದುರು ನನ್ನ ಕಣ್ಣು ಯಾವ ಲೆಕ್ಕ? ನಂಬಿದೆ.

ಡ್ರೈವರನನ್ನು ಕೇಳಿ ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳ ತೆರೆದೆ. ಅಪ್ಪ ಕೀಲಿಯಿಂದ ಕೊರೆದಿದ್ದ ಅವ್ವನ ಹೆಸರು, 'ನೀಲಾ', ಹಾಗೇ ಇತ್ತು. ಕಾರಿಗೆಲ್ಲ ಹೊಸ ಬಣ್ಣ, ಅಲ್ಲಿ ಮಾತ್ರ ಹಳೆಯದು.

"ಇದಕ್ಯಾಕ ಬಣ್ಣ ಹಚ್ಚಿಲ್ಲ?"

"ನಮ್ಮ ಹುಲಿಗೇಶ ಸಾವ್ಕಾರ್ರು ಬ್ಯಾಡಂದಾರ್ರಿ. ಅವರ ದೋಸ್ತನ ಅವ್ವನ ಹೆಸರಂತ."

ಮಂಟಪದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವ್ವ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಅದು ನಿಮ್ಮಪ್ಪನ ಗಾಡಿ ಅಲ್ಲೇನೋ?"

"ಅಲ್ಲ ಬೇ," ಅಂದೆ. "ಅದು ನಾಕ ವರ್ಷ ಈಚಿನ ಮಾಡೆಲ್."