ಕೊಸರು ದಿನ

ಆಗಸ್ಟ್ 9, ಬುಧವಾರ. ಬೆಳಿಗ್ಗೆ 8

ಕಾಲುಚೀಲ ಇನ್ನೂ ಒಣಗಿಲ್ಲ. ಬೊಲಿವಿಯಾದ ಈ ಸುಕ್ರೆ ಊರಿನ ಬಿಸಿಲು ಬರೀ ನೋಡುವುದಕ್ಕೆ ಚೆಂದ. ಎರಡೂ ಬ್ಯಾಗು ಐದು ದಿನದಿಂದ ಬಾಗಿಲ ಹತ್ತಿರ ಕಟ್ಟಿಕೊಂಡು ನಿಂತಿವೆ. ಪಾಲು ಆಗಿದೆ — ಟೆಂಟ್ ನನಗೆ, ಸ್ಟವ್ ಅವನಿಗೆ. ಕತ್ತರಿ ನನಗೆ, ಚಾಕು ಅವನಿಗೆ. ಯೆರ್ಬಾ ಎಲೆಯ ಕಷಾಯ ಕುಡಿಯುವ ಸೋರೆಬುರುಡೆ ಮಾತ್ರ ಒಂದೇ. ಅದರ ಮಾತು ಇಬ್ಬರೂ ಎತ್ತಿಲ್ಲ. ಕಿಟಕಿಯಲ್ಲಿ ಕೂತಿದೆ.

ಪೊತೊಸಿ ರಸ್ತೆಗೆ ಹಳ್ಳಿಯವರು ಮುಷ್ಕರ ಹೂಡಿ ಕಲ್ಲು ಅಡ್ಡ ಹಾಕಿ ಇವತ್ತಿಗೆ ಐದು ದಿನ. ಬಸ್ಸಿಲ್ಲ. ನಾನು ದಕ್ಷಿಣಕ್ಕೆ, ಅರ್ಜೆಂಟೀನಾದ ಟುಕುಮಾನ್‌ಗೆ, ಮನೆಗೆ. ಲಿಸಾಂದ್ರೊ ಉತ್ತರಕ್ಕೆ, ಪೆರು, ಆಮೇಲೆ ಎಲ್ಲಿಗೋ. ಬೇರೆಯಾಗುವುದಕ್ಕೂ ಮೊದಲು ಅದೇ ರಸ್ತೆ ಹಿಡಿಯಬೇಕು.

ಮೂರು ವಾರದ ಹಿಂದೆ, ಊಯುನಿಯ ಚಳಿಯಲ್ಲಿ ನಾನೇ ಅಂದದ್ದು: "ನಂಗೆ ಸಾಕಾಯ್ತು. ನೀನೊಬ್ನೇ ಹೋಗು." ಸಿಟ್ಟಿಗೆ ಬಂದ ಮಾತು. ಅವನು "ಆಯ್ತು" ಅಂದ. ಆರು ವರ್ಷದ ಸಂಸಾರ, ಒಂಬತ್ತು ತಿಂಗಳ ತಿರುಗಾಟ — ಒಂದು "ಆಯ್ತು". ಅವತ್ತಿನಿಂದ ನನ್ನ ಬಾಯಲ್ಲಿ ಅವನು ಸಣಕಲ ಅಲ್ಲ, ಲಿಸಾಂದ್ರೊ. ಅವನ ಬಾಯಲ್ಲಿ ನಾನು ಡುಮ್ಮಿ ಅಲ್ಲ, ರೊಮಿನಾ. ಆಫೀಸಿನವರ ಹಾಗೆ.

ಹೋಗಬೇಡ ಅಂದರೆ ನಿಲ್ಲುತ್ತೇನೆ. ಇವತ್ತು ಅಂದರೂ ನಿಲ್ಲುತ್ತೇನೆ. ಅವನೇ ಅನ್ನಬೇಕು, ಅಷ್ಟೇ.

ಈಗ ಕೆಳಗಿನಿಂದ ಬಂದ. ತಲೆ ನೀರು ಹಚ್ಚಿ ಬಾಚಿದ್ದಾನೆ. "ಇವತ್ತೂ ಬಸ್ಸಿಲ್ವಂತೆ. ಊರು ಸುತ್ತೋಣ್ವಾ, ಸುಮ್ನೆ?"

ಬೆಳಿಗ್ಗೆ 10.30

ಚೌಕದ ಬೆಂಚು. ಸಾಲ್ತೇನ್ಯಾ ತಿಂದೆವು. ಮಧ್ಯಾಹ್ನವಾದರೆ ಸಿಗುವುದಿಲ್ಲ, ಈಗಲೇ ತಿನ್ನಬೇಕು. ಕಡುಬಿನ ತುದಿ ಕಚ್ಚಿ, ಒಳಗಿನ ಬಿಸಿ ರಸ ಹೀರಿ, ಒಂದು ಹನಿಯೂ ಚೆಲ್ಲದೆ ಮುಗಿಸಬೇಕು. ಚೆಲ್ಲಿದವರು ಇನ್ನೊಂದು ಕೊಡಿಸಬೇಕು. ಒಂಬತ್ತು ತಿಂಗಳಲ್ಲಿ ಲಿಸಾಂದ್ರೊ ಒಮ್ಮೆಯೂ ಸೋತವನಲ್ಲ. ಇವತ್ತು ಮೊಣಕೈವರೆಗೆ ಸುರಿಸಿಕೊಂಡ.

"ನೀನು ಬೇಕಂತ ಸೋತೆ."

"ಹೋಗೇ, ಕೈ ಜಾರ್ತು."

"ಹೋಗೇ" ಅಂದ. ಅದೊಂದಾದರೂ ಬಂತಲ್ಲ. ಇನ್ನೊಂದು ತರಲು ಎದ್ದು ಹೋದ. ಹಿಂದಿನಿಂದ ನೋಡಿದೆ. ಅಂಗಿಯ ಭುಜದ ಹೊಲಿಗೆ ಬಿಟ್ಟಿದೆ. ಸೂಜಿ ನನ್ನ ಪಾಲಿಗೆ ಬಂದಿದೆ.

ಮಧ್ಯಾಹ್ನ 12.15

ಮಾರುಕಟ್ಟೆಯ ಜ್ಯೂಸಿನ ಸಾಲು. ಲಿಸಾಂದ್ರೊ ಆಚೆ ಬದಿ ಬೆಣ್ಣೆಹಣ್ಣು ಒತ್ತಿ ಒತ್ತಿ ನೋಡುತ್ತಿದ್ದ. ದಿನವೂ ನಮಗೆ ಜ್ಯೂಸ್ ಕೊಡುವ ಸತುರ್ನೀನಾ ಕಂಡ ತಕ್ಷಣ ಕೂಗಿದಳು: "ಇನ್ನೂ ಇಲ್ಲೇ ಇದೀಯಾ ತಾಯಿ? ಕಲ್ಲು ತೆಗ್ದಾಯ್ತಲ್ಲ! ರೇಡಿಯೋದಲ್ಲಿ ಬಂತು. ಮಧ್ಯಾಹ್ನದಿಂದ ಬಸ್ಸು ಬಿಡ್ತಾರೆ."

ಆಚೆ ಬದಿ ನೋಡಿದೆ, ಅವನಿಗೆ ಕೇಳಿಸಿರಲಿಲ್ಲ. "ಅವನ ಮುಂದೆ ಹೇಳ್ಬೇಡಿ" ಅಂದೆ.

ಮಿಕ್ಸಿ ನಿಲ್ಲಿಸಿ ನನ್ನ ಮುಖ ನೋಡಿದಳು. "ಜಗಳಾನಾ?"

"ಹೂಂ."

"ನಿನಗೆ ಬೇಕೋ ಅವನು?"

ಹೌದೆಂದು ತಲೆ ಆಡಿಸಿದೆ. ಜ್ಯೂಸಿನವಳ ಮುಂದೆ ಎಷ್ಟು ಸಲೀಸಾಗಿ ಆಡಿತು.

"ಹಂಗಾರೆ ಅವನಿಗೆ ಹೇಳು, ನಂಗ್ಯಾಕೆ ಹೇಳ್ತೀಯ." ಲೋಟ ಖಾಲಿಯಾದ ಮೇಲೆ ಮಿಕ್ಸಿಯಲ್ಲಿ ಉಳಿದದ್ದನ್ನು ಮತ್ತೆ ಸುರಿಯುವುದು ಇಲ್ಲಿಯ ರೂಢಿ. ಕೊಸರು. ಇವತ್ತು ಎರಡು ಸಲ ಸುರಿದಳು. ಅವನು ಬಂದು ಲೋಟದೊಳಗೆ ಇಣುಕಿದ. "ನನ್ನ ಕೊಸರೂ ಕುಡಿದ್ಬಿಟ್ಯಾ?" ಸತುರ್ನೀನಾ ತುಟಿ ಬಿಗಿದುಕೊಂಡು ಪಪ್ಪಾಯಿ ಹೆಚ್ಚಿದಳು. ಹೇಳಲಿಲ್ಲ. ಪುಣ್ಯವಂತೆ.

ಮಧ್ಯಾಹ್ನ 3.30

ರೆಕೊಲೇತಾ ಗುಡ್ಡ, ಕಮಾನುಗಳ ಕೆಳಗೆ. ಊರೆಲ್ಲ ಬಿಳಿ ಗೋಡೆ, ಕೆಂಪು ಹೆಂಚು. ಅವನು ಯೆರ್ಬಾ ಹಾಕಿ ಬಿಸಿನೀರು ಹುಯ್ದು ಕೊಟ್ಟ. ನಾನು ಹೀರಿ ವಾಪಸ್ ಕೊಟ್ಟೆ. ಹೀಗೇ ಎಂಟು ಹತ್ತು ಸಲ.

"ಟುಕುಮಾನ್‌ನಲ್ಲಿ ಏನ್ ಮಾಡ್ತೀಯ?"

"ಮಲಗ್ತೀನಿ. ಒಂದೇ ಹಾಸಿಗೇಲಿ, ಒಂದು ತಿಂಗಳು."

"ಆಮೇಲೆ?"

"ಏಳ್ತೀನಿ."

ನಕ್ಕ. ಬುರುಡೆಯನ್ನು ಕೈಯಲ್ಲೇ ತಿರುಗಿಸುತ್ತ ಕೂತ. "ರೊಮಿನಾ..." ಅಂದ. ಅವನ ಕಡೆ ತಿರುಗಿದೆ.

"ಏನು?"

"ನೀರು ತಣ್ಣಗಾಯ್ತು."

ಕೆಳಗೆ ಮನೆಗಳ ನಡುವಿನಿಂದ ಒಂದು ದೊಡ್ಡ ಬಸ್ಸು ಹೊರಬಿತ್ತು, ಮೇಲೆ ಗಂಟುಮೂಟೆ ಹೇರಿಕೊಂಡು. ಪೊತೊಸಿಯ ಕಡೆ. ಅವನಿಗೆ ಕಾಣದಿರಲಿ ಅಂತ ಎದ್ದು ಅಡ್ಡ ನಿಂತೆ. ಅದೇ ಹೊತ್ತಿಗೆ ಅವನು ನನ್ನ ತೋಳು ಹಿಡಿದು ಈ ಕಡೆ ತಿರುಗಿಸಿದ. "ಅಲ್ನೋಡು, ಆ ಗಂಟೆಗೋಪುರ ಎಷ್ಟು ಚೆನ್ನಾಗಿದೆ." ಎರಡು ವಾರದಿಂದ ದಿನಾ ನೋಡುವ ಗೋಪುರ. "ಹೌದು, ಚೆನ್ನಾಗಿದೆ" ಅಂದೆ. ತೋಳು ತಕ್ಷಣ ಬಿಡಲಿಲ್ಲ.

ಸಂಜೆ 5.45

ಕಾಲು ತೊಳೆಯಲು ಅಂಗಳಕ್ಕೆ ಹೋದೆ. ತಂಗುಮನೆಯ ಒಡತಿ ದೋನ್ಯಾ ಹಸಿಂತಾ ಹಾಸಿಗೆಬಟ್ಟೆ ಮಡಚುತ್ತಿದ್ದಳು. "ಚೆನ್ನಾಗಿತ್ತಾ ಸುತ್ತಾಟ? ನಿನ್ನ ಗಂಡ ಒಳ್ಳೇ ಆಸಾಮಿ ಕಣೇ. ರಸ್ತೆ ಬಿಟ್ರು ಅಂತ ಬೆಳಗ್ಗೆ ಏಳಕ್ಕೇ ಹೇಳ್ದೆ. 'ಸಂಜೆವರೆಗೂ ಅವಳಿಗೆ ಹೇಳ್ಬೇಡಿ ದೋನ್ಯಾ, ಇದೊಂದು ದಿನ' ಅಂತ ಕೈ ಹಿಡ್ಕೊಂಡ. ಕಣ್ಣಲ್ಲಿ ನೀರು."

ಬೆಳಗ್ಗೆ ಏಳಕ್ಕೆ! ಬಾಚಿದ ತಲೆ. ಚೆಲ್ಲಿದ ರಸ. ಗೋಪುರ. ಓಡಿ ಮೆಟ್ಟಿಲು ಹತ್ತಬೇಕು ಅನ್ನಿಸಿತು. ಹತ್ತಿದೆ ಕೂಡ. ಬಾಗಿಲಲ್ಲೇ ನಿಂತಿದ್ದ.

"ರಸ್ತೆ ಬಿಟ್ರಂತೆ. ಈಗ್ತಾನೆ ಗೊತ್ತಾಯ್ತು."

ಸುಳ್ಳ. ನನ್ನ ಸುಳ್ಳ. ಈಗ ಹೋಗಬೇಡ ಅನ್ನುತ್ತಾನೆ ಅಂದುಕೊಂಡೆ. ಇಷ್ಟು ಮಾಡಿದವನು ಇನ್ನೊಂದು ಮಾತು ಆಡಲಾರನೇ?

"ಹೌದಾ" ಅಂದೆ.

"ನಾಳೆ ಸಂಜೆಗೆ ಟಿಕೆಟ್ ತಗೊಳ್ಲಾ? ಎರಡೂ?"

"ತಗೋ."

ಯಾಕೆ ಅಂದೆ. ಯಾಕೆ.

ಆಗಸ್ಟ್ 10, ಗುರುವಾರ. ಸಂಜೆ 4.50

ಬಸ್ ನಿಲ್ದಾಣ. ಅವನದು ಐದೂವರೆಗೆ, ನನ್ನದು ಆರಕ್ಕೆ. ಬುರುಡೆಯನ್ನು ಬೆಳಿಗ್ಗೆ ನನ್ನ ಟೆಂಟಿನ ಒಳಗೆ ಸುತ್ತಿಟ್ಟಿದ್ದಾನೆ, ನನಗೆ ಗೊತ್ತಾಗದ ಹಾಗೆ. ಕೈಗೆ ಗಟ್ಟಿಯಾಗಿ ತಗುಲಿತು.

ಹೇಳಿಬಿಡುತ್ತೇನೆ. ಇಷ್ಟೇ ತಾನೆ — ನಂಗೂ ಗೊತ್ತಿತ್ತು, ನಿನ್ನೆ ಮಧ್ಯಾಹ್ನದಿಂದ. ನಾನೂ ಮುಚ್ಚಿಟ್ಟೆ. ಉಳಿದದ್ದು ಅವನಿಗೆ ತಾನಾಗಿ ತಿಳಿಯುತ್ತದೆ. ಕಿತ್ತಳೆ ತರಲು ಹೋಗಿದ್ದಾನೆ. ಬಂದ ಕೂಡಲೇ. ಬರುತ್ತಿದ್ದಾನೆ, ಬ್ಯಾಗು ಒಂದೇ ಹೆಗಲಿಗೆ —

ಆಗಸ್ಟ್ 14, ಸೋಮವಾರ. ಬೆಳಿಗ್ಗೆ

ವಿಯಾಸೋನ್. ಅರ್ಜೆಂಟೀನಾ ಗಡಿಯ ಸೇತುವೆಯ ಈಚೆ ಮೂರು ದಿನ ಕೂತೆ. ಒಬ್ಬಳೇ ಯೆರ್ಬಾ ಕುಡಿದೆ. ಹೊಟ್ಟೆ ಕೆಟ್ಟಿತು.

ಹೇಳಲಿಲ್ಲ. ಕಿತ್ತಳೆ ತಿಂದೆವು. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು "ಡುಮ್ಮಿ" ಅಂದ. ಮೂರು ವಾರದ ಮೇಲೆ. ಅಂದು ಕಾದ. ಹಿಂದಿನವರು ನೂಕುತ್ತಿದ್ದರೂ ಕಾದ. ನಾನು "ಹುಷಾರು" ಅಂದೆ.

ಅವನಿಗೆ ತನ್ನ ಸುಳ್ಳೊಂದೇ ಗೊತ್ತು. ನನಗೆ ಎರಡೂ ಗೊತ್ತಿದ್ದವು. ಹಾಗಾಗಿ ಬಾಯಿ ಬಿಡಬೇಕಾದವಳು ನಾನೇ. ಅವನದು ತಪ್ಪಿಲ್ಲ. ಇದನ್ನು ಬರೆಯಲು ನಾಲ್ಕು ದಿನ ಬೇಕಾಯಿತು.

ಅದೇ ದಿನ, 11 ಗಂಟೆ

ಗಡಿ ಕಚೇರಿಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವನು ಎಲ್ಲೋ ಫೋನ್ ಮಾಡುತ್ತಿದ್ದಾನೆ, ನನ್ನನ್ನು ಪಕ್ಕಕ್ಕೆ ನಿಲ್ಲಿಸಿ. ತಪ್ಪು ನನ್ನದೇ. "ಎಷ್ಟು ಜನ?" ಅಂದ, ತಲೆ ಎತ್ತದೆ. ಒಂಬತ್ತು ತಿಂಗಳಿಂದ ಎಲ್ಲ ಗಡಿಯಲ್ಲೂ ಹೇಳಿದ್ದನ್ನೇ ಹೇಳಿದೆ.

"ಇಬ್ರು."

ಅವನು ತಲೆ ಎತ್ತಿ ನನ್ನ ಬೆನ್ನ ಹಿಂದೆ ನೋಡಿದ. ನಾನೂ ತಿರುಗಿ ನೋಡಿದೆ, ಸಣಕಲ ಅಲ್ಲೇ ನಿಂತಿರುವ ಹಾಗೆ.